ಸಿಗ್ನಲ್ ಹೋಗುವ ಊರಲ್ಲಿ ಕೂತು 6ಜಿ ಭದ್ರತೆಗೆ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ನಾನು ದಕ್ಷಿಣ ಕೊಡಗಿನವಳು. ಎಂ.ಟೆಕ್ ಮುಗಿಸಿ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಕೆಲಸದ ಜೊತೆಗೇ ಪಿಎಚ್‌ಡಿ ಮಾಡುವ ಆಸೆ. ‘6ಜಿ ಜಾಲಗಳಿಗೆ ಎಐ ಆಧಾರಿತ ಅಡಾಪ್ಟಿವ್ ಸೈಬರ್ ಭದ್ರತೆ’ ಎಂಬ ವಿಷಯ ತೆಗೆದುಕೊಳ್ಳಿ ಎಂದು ಗೈಡ್ ಹೇಳಿದ್ದಾರೆ. ನಮ್ಮಲ್ಲಿ 5ಜಿ ಲ್ಯಾಬ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ‘ಇಲ್ಲಿ 4ಜಿಗೇ ಗತಿ ಇಲ್ಲ, ಇವಳು 6ಜಿ ಕಾಯ್ತಾಳಂತೆ’ ಎಂದು ಮನೆಯಲ್ಲಿ ನಗುತ್ತಾರೆ. ಇಲ್ಲಿ ಕೂತು ಈ ಸಂಶೋಧನೆ ಆಗುತ್ತದಾ? ಆಗುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗುತ್ತದೆ. ಆದರೆ ಗೈಡ್ ಕೊಟ್ಟ ತಲೆಬರಹದಲ್ಲಿ ಅಲ್ಲ. ಇನ್ನೊಂದು ಮಾತು, ಮನೆಯವರು ನಗುವ ಆ ಕರೆಂಟು-ಸಿಗ್ನಲ್ ಸಮಸ್ಯೆಯೇ ನಿಮ್ಮ ಪ್ರಬಂಧದ ತಿರುಳಾಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 6ಜಿ ವಿಚಾರ ಮುಗಿಸೋಣ. ಜನ ಬಳಸುವ 6ಜಿ ಜಾಲ ಇವತ್ತು ಎಲ್ಲೂ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, 2023ರ ನವೆಂಬರ್‌ನಲ್ಲಿ ಐಎಂಟಿ-2030 ಎಂಬ ಚೌಕಟ್ಟನ್ನು ಒಪ್ಪಿಕೊಂಡಿತು. ಜಾಲ ಏನೇನು ಮಾಡಬೇಕು ಎಂಬುದಷ್ಟೇ ಅದರಲ್ಲಿದೆ. ಹೇಗೆ ಮಾಡಬೇಕು ಎಂದು ಬರೆಯುವುದು 3ಜಿಪಿಪಿ ಎಂಬ ಒಕ್ಕೂಟದ ಕೆಲಸ. ಅದು ಮುಗಿದು ಮಾರುಕಟ್ಟೆಗೆ ಬರುವುದು 2030ರ ಸುಮಾರಿಗೆ ಎಂಬ ಲೆಕ್ಕಾಚಾರವಿದೆ. ನಿಯಮವೇ ಬರೆದಿಲ್ಲದ ಜಾಲದ ಮೇಲೆ ದಾಳಿಯ ಡೇಟಾ ಎಲ್ಲಿಂದ ಬರಬೇಕು? ಹಾಗಾಗಿ ‘6ಜಿ ದಾಳಿಗಳನ್ನು 99 ಪರ್ಸೆಂಟ್ ನಿಖರವಾಗಿ ಹಿಡಿದೆವು’ ಎನ್ನುವ ಪೇಪರ್ ಕೈಗೆ ಸಿಕ್ಕರೆ ಮೊದಲು ಅದರ ಡೇಟಾ ಯಾವುದು ಎಂದು ನೋಡಿ. ಎನ್‌ಎಸ್‌ಎಲ್-ಕೆಡಿಡಿ ಎಂಬ ಹಳೆಯ ದಾಳಿ-ಡೇಟಾ ಸಂಗ್ರಹವನ್ನು ಈಗಲೂ ಬಳಸುವವರಿದ್ದಾರೆ. ಅದರ ಮೂಲ 1998ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಪ್ರಯೋಗಕ್ಕಾಗಿ ಸೃಷ್ಟಿಸಿದ ಟ್ರಾಫಿಕ್. ನಮ್ಮಲ್ಲಿ ಆಗ ಎಸ್‌ಟಿಡಿ ಬೂತುಗಳ ಕಾಲ. ಆ ಡೇಟಾದಲ್ಲಿ ಮೊಬೈಲ್ ಜಾಲದ ಒಂದು ಮೆಸೇಜೂ ಇಲ್ಲ.

ಆದ್ದರಿಂದ ಕೆಲಸ 5ಜಿ ಮೇಲೆ ಮಾಡಿ. ಮಾನದಂಡ ಬರೆದಾಗಿದೆ, ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ತಪ್ಪು-ಸರಿ ತಾಳೆ ನೋಡಲು ದಾರಿಯಿದೆ.

5ಜಿಯಲ್ಲಿ ಈಗಾಗಲೇ ಏನು ಭದ್ರತೆ ಇದೆ ಎಂದು ತಿಳಿಯದೆ ಮುಂದೆ ಹೋಗಬೇಡಿ. 3ಜಿಪಿಪಿಯ 33.501 ಎಂಬ ದಾಖಲೆಯಲ್ಲಿ ಎಲ್ಲ ಇದೆ, ಇಂಟರ್‌ನೆಟ್‌ನಲ್ಲಿ ಉಚಿತ. ಓದಲು ಬೇಜಾರು, ಆದರೂ ಓದಿ. ಹಳೆಯ 2ಜಿಯಲ್ಲಿ ಟವರ್ ಫೋನನ್ನು ಪರೀಕ್ಷಿಸುತ್ತಿತ್ತು, ಫೋನ್ ಟವರನ್ನು ಪರೀಕ್ಷಿಸುತ್ತಿರಲಿಲ್ಲ. ಸುಳ್ಳು ಟವರ್ ಕಟ್ಟುವವರಿಗೆ ಅದೇ ಅನುಕೂಲ. 4ಜಿಯಲ್ಲಿ ಎರಡೂ ಕಡೆ ಪರೀಕ್ಷೆ ಇದೆ, ಆದರೆ ಸಿಮ್‌ನ ಕಾಯಂ ನಂಬರ್ ಕೆಲವು ಸಂದರ್ಭಗಳಲ್ಲಿ ಬಯಲಾಗಿಯೇ ಗಾಳಿಯಲ್ಲಿ ಹೋಗುತ್ತದೆ. 5ಜಿಯಲ್ಲಿ ಆ ಕಾಯಂ ನಂಬರನ್ನು ಕಂಪನಿಯ ಪಬ್ಲಿಕ್ ಕೀ (ಯಾರು ಬೇಕಾದರೂ ಹಾಕಬಹುದಾದ, ಕಂಪನಿ ಮಾತ್ರ ತೆಗೆಯಬಹುದಾದ ಬೀಗದಂಥದ್ದು) ಬಳಸಿ ಮುಚ್ಚಿ ಕಳಿಸುವ ಏರ್ಪಾಡು ಬಂತು. ಮುಚ್ಚಿದ ಆ ರೂಪಕ್ಕೆ ಸುಚಿ ಎನ್ನುತ್ತಾರೆ.

ಆದರೆ ಫೋನಿನ ಮೂಲೆಯಲ್ಲಿ 5ಜಿ ಎಂದು ಕಂಡ ಕೂಡಲೇ ಇದೆಲ್ಲ ಸಿಕ್ಕಿತು ಎಂದಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ 5ಜಿ ಶುರುವಾದಾಗ ಜಿಯೋ ಪೂರ್ತಿ ಹೊಸ ಕೋರ್ (ಟವರುಗಳ ಹಿಂದೆ ಕೂತು ಜಾಲ ನಡೆಸುವ ಕೇಂದ್ರ ವ್ಯವಸ್ಥೆ) ಇಟ್ಟು ಎಸ್‌ಎ, ಅಂದರೆ ಸ್ಟ್ಯಾಂಡ್‌ಅಲೋನ್, ದಾರಿ ಹಿಡಿಯಿತು. ಏರ್‌ಟೆಲ್ ಹಳೆಯ 4ಜಿ ಕೋರ್ ಮೇಲೆ 5ಜಿ ರೇಡಿಯೊ ಕೂರಿಸುವ ಎನ್‌ಎಸ್‌ಎ ದಾರಿಯಲ್ಲಿ ಹೊರಟಿತು. ಎನ್‌ಎಸ್‌ಎಯಲ್ಲಿ ಕೋರ್ 4ಜಿಯದೇ, ಹಾಗಾಗಿ ಸುಚಿ ಇರುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ಎರಡರಲ್ಲಿ ಯಾವುದರ ಮಾತು ಎಂದು ಮೊದಲ ಪುಟದಲ್ಲೇ ಹೇಳಿಬಿಡಿ. ಇದನ್ನು ಹೇಳದ ಪೇಪರ್‌ಗಳು ಬಹಳ ಇವೆ.

ಇನ್ನು ಅಡಾಪ್ಟಿವ್ ಭದ್ರತೆ, ಅಂದರೆ ಪರಿಸ್ಥಿತಿಗೆ ತಕ್ಕಂತೆ ತಾನೇ ಬದಲಾಗುವ ರಕ್ಷಣೆ. ಇದರಲ್ಲಿ ನಾಲ್ಕು ಕೆಲಸ ಸುತ್ತುತ್ತಿರುತ್ತವೆ. ಜಾಲವನ್ನು ಗಮನಿಸಬೇಕು, ಏನಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಬೇಕು, ಏನು ಮಾಡುವುದೆಂದು ತೀರ್ಮಾನಿಸಬೇಕು, ಅದನ್ನು ಜಾರಿ ಮಾಡಬೇಕು. ಆಮೇಲೆ ಮತ್ತೆ ಮೊದಲಿಂದ. ಗಮನಿಸಲು 5ಜಿ ಕೋರ್‌ನಲ್ಲೇ ಎನ್‌ಡಬ್ಲ್ಯುಡಿಎಎಫ್ ಎಂಬ ಅಂಗವಿದೆ, ಜಾಲದ ಅಂಕಿಅಂಶ ಸೇರಿಸಿ ವಿಶ್ಲೇಷಿಸುವುದೇ ಅದರ ಕೆಲಸ. ರೇಡಿಯೊ ಕಡೆಯಲ್ಲಿ ಓ-ರಾನ್ ಒಕ್ಕೂಟದವರು ರಿಕ್ ಎಂಬ ನಿಯಂತ್ರಕ ತಂದಿದ್ದಾರೆ. ಅದರ ವೇಗದ ರೂಪ 10 ಮಿಲಿಸೆಕೆಂಡಿನಿಂದ 1 ಸೆಕೆಂಡಿನ ಒಳಗೆ ತೀರ್ಮಾನ ಮಾಡಬೇಕು. ನಿಧಾನದ ರೂಪಕ್ಕೆ 1 ಸೆಕೆಂಡಿಗಿಂತ ಜಾಸ್ತಿ ಸಮಯವಿದೆ. ನಿಮ್ಮ ಎಐ ಮಾದರಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅದಕ್ಕೆ ಎಷ್ಟು ಯೋಚಿಸುವ ಸಮಯ ಎಂದು ನಿರ್ಧಾರವಾಗುತ್ತದೆ. ಮೂರು ಸೆಕೆಂಡು ಬೇಕಾಗುವ ದೊಡ್ಡ ಮಾದರಿ ಕಟ್ಟಿ ಅದನ್ನು ವೇಗದ ರಿಕ್‌ನಲ್ಲಿ ಇಡುತ್ತೇವೆ ಎಂದರೆ ವೈವಾದಲ್ಲಿ ಅಲ್ಲೇ ಸಿಕ್ಕಿಬೀಳುತ್ತೀರಿ.

ನಾನು ನೋಡಿದ ಹೆಚ್ಚಿನ ಪ್ರಬಂಧಗಳು ಮೊದಲ ಎರಡು ಕೆಲಸದಲ್ಲೇ ನಿಂತುಬಿಡುತ್ತವೆ. ಡೇಟಾ ತಗೊಂಡರು, ಮಾದರಿಗೆ ಕಲಿಸಿದರು, ದಾಳಿ ಹಿಡಿದರು, ಟೇಬಲ್ ಹಾಕಿದರು. ಹಿಡಿದ ಮೇಲೆ ಏನು ಮಾಡಿದಿರಿ? ಮಾಡಿದ್ದು ತಪ್ಪಾದರೆ ಹೇಗೆ ವಾಪಸ್ ತಗೊಳ್ಳುತ್ತೀರಿ? ಈ ಪ್ರಶ್ನೆಗಳು ಖಾಲಿ ಬಿದ್ದಿವೆ. ಪಿಎಚ್‌ಡಿಗೆ ಜಾಗ ಇರುವುದು ಅಲ್ಲೇ. ಪತ್ತೆಯಲ್ಲಿ ಅರ್ಧ ಪರ್ಸೆಂಟ್ ಏರಿಸುವುದರಲ್ಲಿ ನನಗೇನೂ ರುಚಿ ಕಾಣುವುದಿಲ್ಲ.

ಈಗ ನಿಮ್ಮೂರಿಗೆ ಬರೋಣ.

ಜುಲೈ ತಿಂಗಳು, ಬಿಡದ ಮಳೆ. ಮರ ಬಿದ್ದು ಲೈನ್ ಕಿತ್ತುಹೋಗಿದೆ. ಟವರಿನ ಬ್ಯಾಟರಿ ಮುಗಿಯಿತು, ಜನರೇಟರ್‌ಗೆ ಡೀಸೆಲ್ ಒಯ್ಯಲು ರಸ್ತೆ ಇಲ್ಲ. ಟವರ್ ಮಲಗಿತು. ಮಾರನೇ ದಿನ ಕರೆಂಟ್ ಬಂದು ಟವರ್ ಎದ್ದ ಕ್ಷಣ ಆ ಸುತ್ತಿನ ಅಷ್ಟೂ ಫೋನುಗಳು ಒಟ್ಟಿಗೇ ‘ನಾನಿದ್ದೇನೆ, ಸೇರಿಸಿಕೊ’ ಎನ್ನುತ್ತವೆ. ಒಂದೊಂದು ನೋಂದಣಿಗೂ ಟವರಿನಿಂದ ಬಾಗಿಲು ಕಾಯುವ ಎಎಂಎಫ್‌ಗೆ, ಅಲ್ಲಿಂದ ಗುರುತು ಪರೀಕ್ಷಿಸುವ ಎಯುಎಸ್‌ಎಫ್‌ಗೆ, ಅಲ್ಲಿಂದ ಗ್ರಾಹಕರ ದಾಖಲೆ ಇಡುವ ಯುಡಿಎಂಗೆ ಹೀಗೆ ಕೋರ್‌ನ ಒಳಗೆ ಹಲವು ಮೆಸೇಜುಗಳು ಓಡುತ್ತವೆ. ಒಂದು ತಾಲ್ಲೂಕಿನ ಹಲವು ಟವರುಗಳು ಒಂದೇ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ವಿದ್ಯುತ್ ಲೈನ್) ಮೇಲಿದ್ದರೆ ಎಲ್ಲವೂ ಒಂದೇ ಹೊತ್ತಿಗೆ ಏಳುತ್ತವೆ. ಕೋರ್ ಕಡೆಯಿಂದ ನೋಡುವವರಿಗೆ ಇದು ಏನು? ಪಕ್ಕಾ ದಾಳಿ. ಸಿಗ್ನಲಿಂಗ್, ಅಂದರೆ ಇಂಥ ನೋಂದಣಿ ಮೆಸೇಜುಗಳ, ಪ್ರವಾಹ ಹರಿಸಿ ಕೋರನ್ನು ಮುಳುಗಿಸುವ ದಾಳಿಯ ಚಹರೆಯೂ ಹೀಗೇ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಫೋನುಗಳು ‘ನಾನಿನ್ನೂ ಇಲ್ಲೇ ಇದ್ದೇನೆ’ ಎಂದು ಆಗಾಗ ಜಾಲಕ್ಕೆ ತಿಳಿಸುತ್ತಿರಬೇಕು. ಮಾನದಂಡದಲ್ಲಿ ಅದಕ್ಕೆ ಮಾಮೂಲು ಅವಧಿ 54 ನಿಮಿಷ, ಕಂಪನಿಗಳು ಬದಲಿಸಿಕೊಳ್ಳಬಹುದು. ಆ ಅವಧಿ ದಾಟಿ ಇನ್ನೂ ಸ್ವಲ್ಪ ಹೊತ್ತು ಸುದ್ದಿ ಇಲ್ಲದಿದ್ದರೆ ಕೋರ್ ಆ ಫೋನನ್ನು ತನ್ನ ಪಟ್ಟಿಯಿಂದ ತೆಗೆಯುತ್ತದೆ. ಅಂದರೆ 20 ನಿಮಿಷ ಟವರ್ ಮಲಗಿ ಎದ್ದರೆ ಫೋನುಗಳು ಹಳೆಯ ತಾತ್ಕಾಲಿಕ ಗುರುತು ತೋರಿಸಿ ಸಲೀಸಾಗಿ ಒಳಬರುತ್ತವೆ. ದಿನವಿಡೀ ಮಲಗಿದ್ದರೆ ಸಾಮಾನ್ಯವಾಗಿ ಗುರುತಿನ ಪರೀಕ್ಷೆ ಮೊದಲಿಂದ ನಡೆಯಬೇಕಾಗಬಹುದು, ಕೋರ್ ಮೇಲೆ ಹೊರೆ ಎಷ್ಟೋ ಪಟ್ಟು ಏರುತ್ತದೆ. ಬೆಂಗಳೂರಿನ ಟ್ರಾಫಿಕ್ ನೋಡಿ ಕಲಿತ ಮಾದರಿ ಈ ಎರಡನೇ ಬಗೆಯನ್ನು ಹೆಚ್ಚುಕಮ್ಮಿ ನೋಡಿಯೇ ಇರುವುದಿಲ್ಲ. ಕೊಡಗಿನಲ್ಲಿ ಅದು ಮಳೆಗಾಲದ ಮಾಮೂಲು, ಅಲ್ವಾ?

ಆ ಮಾದರಿ ಹೆದರಿ ನೋಂದಣಿಗಳನ್ನು ತಿರಸ್ಕರಿಸಿತು ಎಂದುಕೊಳ್ಳಿ. ಫೋನ್ ಮತ್ತೆ ಪ್ರಯತ್ನಿಸುತ್ತದೆ. ಸಾಮಾನ್ಯ ವಿಫಲತೆಯಾದರೆ ಐದು ಸಲ ಸೋತ ಮೇಲೆ ಮಾನದಂಡದ ಮಾಮೂಲು ಲೆಕ್ಕದಲ್ಲಿ 12 ನಿಮಿಷ ಸುಮ್ಮನಾಗುತ್ತದೆ. 112ಕ್ಕೆ ತುರ್ತು ಕರೆ ಮಾಡಲು ಬೇರೆ ದಾರಿಯಿದೆ. ‘ಗುಡ್ಡ ಜರಿದಿದೆ, ನಾವು ಪಕ್ಕದ ಮನೆಗೆ ಬಂದಿದ್ದೇವೆ’ ಎಂದು ಮಗಳಿಗೆ ಹೇಳುವ ಕರೆಗೆ ಆ ದಾರಿ ಇಲ್ಲ. ಕೊಡಗಿನಲ್ಲಿ ಗುಡ್ಡಗಳು ಜರಿದ 2018ರ ಆಗಸ್ಟ್ ನಿಮಗೆ ನೆನಪಿರುತ್ತದೆ. ಅಂಥ ದಿನ ಭದ್ರತೆಯ ಹೆಸರಿನಲ್ಲಿ ಜನರ ಫೋನು ಕಟ್ ಮಾಡುವ ಜಾಲ, ದಾಳಿ ಮಾಡುವವನ ಕೆಲಸವನ್ನು ತಾನೇ ಮಾಡಿಕೊಟ್ಟಂತೆ.

ಹಾಗಾದರೆ ನಿಜವಾದ ದಾಳಿಗೂ ಮಳೆಗಾಲದ ನೂಕುನುಗ್ಗಲಿಗೂ ವ್ಯತ್ಯಾಸ ಹೇಗೆ ಕಾಣುವುದು? ನಿಜವಾದ ಫೋನು ಪರೀಕ್ಷೆಯಲ್ಲಿ ಪಾಸಾಗುತ್ತದೆ, ಪಾಸಾದ ಮೇಲೆ ತಣ್ಣಗಾಗುತ್ತದೆ. ಆ ಟವರಿನಡಿ ಮಾಮೂಲಾಗಿ ಎಷ್ಟು ಫೋನಿರುತ್ತವೋ ಅಷ್ಟಕ್ಕೆ ಸಂಖ್ಯೆ ನಿಲ್ಲುತ್ತದೆ. ಕರೆಂಟ್ ಬಂದ ಸಮಯಕ್ಕೂ ನೂಕುನುಗ್ಗಲಿಗೂ ತಾಳೆಯಾಗುತ್ತದೆ. ದಾಳಿಯಲ್ಲಿ ಪರೀಕ್ಷೆ ಫೇಲಾದವು ಜಾಸ್ತಿ, ಬಂದವೇ ಮತ್ತೆ ಮತ್ತೆ ಬರುತ್ತವೆ. ಆದರೆ ಸುಚಿಯ ಒಂದು ಗುಣ ಇಲ್ಲಿ ತೊಡಕಾಗುತ್ತದೆ. ಅದು ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಬಾಗಿಲಲ್ಲಿ ನಿಂತ ಎಎಂಎಫ್‌ಗೆ ಬಂದದ್ದು ಅದೇ ಫೋನೋ ಬೇರೆಯದೋ ಗೊತ್ತಾಗುವುದಿಲ್ಲ, ಒಳಗೆ ಯುಡಿಎಂ ಕಡೆ ಬಿಚ್ಚಿದ ಮೇಲೇ ತಿಳಿಯುವುದು. ಬಿಚ್ಚುವುದಕ್ಕೂ ಲೆಕ್ಕ ಮಾಡುವ ಖರ್ಚಿದೆ, ದಾಳಿ ಮಾಡುವವನಿಗೆ ಬೇಕಾದದ್ದೂ ಆ ಖರ್ಚೇ. ಜನರ ಗುಟ್ಟು ಕಾಯುವ ಏರ್ಪಾಡು ಜಾಲದ ಕಣ್ಣನ್ನೂ ಸ್ವಲ್ಪ ಕಟ್ಟುತ್ತದೆ. ಈ ಒಂದು ಗಂಟನ್ನು ಬಿಡಿಸಿದರೂ ಒಂದು ಒಳ್ಳೆಯ ಅಧ್ಯಾಯ.

ಇದೇ ಜಾಡಿನಲ್ಲಿ ಇನ್ನೆರಡು ಪ್ರಶ್ನೆ ಹೇಳಿ ಮುಂದೆ ಹೋಗುತ್ತೇನೆ. ಸುಳ್ಳು ಟವರ್ ಹಾಕುವವರು ಫೋನನ್ನು 2ಜಿಗೆ ಇಳಿಸಲು ನೋಡುತ್ತಾರೆ, ಹಾಗಾಗಿ ಹಠಾತ್ತಾಗಿ 2ಜಿಗೆ ಇಳಿದದ್ದನ್ನು ಅನುಮಾನದಿಂದ ನೋಡಬೇಕು ಎಂಬುದು ಸಾಮಾನ್ಯ ಸಲಹೆ. ಕಣಿವೆ, ಏರುಪೇರಿನ ರಸ್ತೆ ಇರುವ ಊರಲ್ಲಿ ಒಂದು ತಿರುವು ದಾಟಿದರೆ ಫೋನ್ ತಾನಾಗೇ ಇಳಿಯುತ್ತದೆ. ಆ ನಿಯಮವನ್ನು ನಿಮ್ಮಲ್ಲಿ ಹಾಕಿದರೆ ದಿನವಿಡೀ ಎಚ್ಚರಿಕೆ. ಇನ್ನೊಂದು, ವಿಪತ್ತಿನ ಎಚ್ಚರಿಕೆ ಸಂದೇಶಗಳದ್ದು. ಟವರ್ ಎಲ್ಲರಿಗೂ ಸಾರುವ ಈ ಸಂದೇಶಗಳಿಗೆ ಡಿಜಿಟಲ್ ಸಹಿ ಇರುವುದಿಲ್ಲ. ಸುಳ್ಳು 4ಜಿ ಟವರಿನಿಂದ ಸುಳ್ಳು ಎಚ್ಚರಿಕೆ ಕಳಿಸಬಹುದು ಎಂದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲ್ಯಾಬಿನಲ್ಲಿ ಮಾಡಿ ತೋರಿಸಿದರು. ಗುಡ್ಡ ಜರಿಯುವ ಜಿಲ್ಲೆಯಲ್ಲಿ ಸುಳ್ಳು ಎಚ್ಚರಿಕೆ ಎಂದರೆ ಏನು ಎಂದು ನಿಮಗೆ ವಿವರಿಸಬೇಕಿಲ್ಲ.

ಕಲಿಯುತ್ತಲೇ ಇರುವ ಮಾದರಿ ಇಟ್ಟರೆ ಇದೆಲ್ಲ ಸರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಸುಲಭವಿಲ್ಲ. ಕಾಫಿ ತೋಟದ ನಾಯಿಯನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ತಂದು ಸಾಕಿದ ನಾಯಿಗೆ ಹೊಸ ಮುಖ ಎಂದರೆ ಕಳ್ಳ. ಕೊಯ್ಲಿಗೆ ಕೆಲಸಗಾರರ ಲೈನ್‌ಮನೆ ತುಂಬ ಹೊಸ ಜನ ಬಂದಾಗ ಹಗಲೂ ರಾತ್ರಿ ಬೊಗಳುತ್ತದೆ. ತಡೆಯಲಾರದೆ ಅದನ್ನು ಕಟ್ಟಿಹಾಕುತ್ತಾರೆ, ಕಾಫಿ ಕಳುವಾಗುವುದೂ ಅದೇ ದಿನಗಳಲ್ಲಿ. ಸರಿ, ದಿನಾ ಬರುವವರಿಗೆ ಹೊಂದಿಕೊಳ್ಳುವ ನಾಯಿ ಇರಲಿ ಎಂದರೆ, ದಿನಾ ಬಿಸ್ಕತ್ತು ಹಾಕಿ ಅಭ್ಯಾಸ ಮಾಡಿಸಿದ ಕಳ್ಳನಿಗೂ ಅದು ಬಾಲ ಆಡಿಸುತ್ತದೆ. ನಿಮ್ಮ ಮಾದರಿಗೂ ಎರಡೂ ಅಪಾಯ ಇವೆ. ಕಲಿಯದಿದ್ದರೆ ಹಳತಾಗುತ್ತದೆ, ಕಲಿಯುತ್ತ ಹೋದರೆ ದಾಳಿ ಮಾಡುವವನೇ ನಿಧಾನಕ್ಕೆ ಪಾಠ ಹೇಳಿಕೊಡಬಹುದು. ಆದ್ದರಿಂದ ಯಾವ ಡೇಟಾದಿಂದ ಕಲಿಯಬಹುದು, ಎಷ್ಟು ವೇಗವಾಗಿ ಬದಲಾಗಬಹುದು, ಯಾವ ಗೆರೆ ದಾಟಬಾರದು ಎಂದು ಕಟ್ಟು ಹಾಕಬೇಕು. ನಿಮ್ಮ ವಿಷಯದಲ್ಲಿ ಗಣಿತ ಬೇಕಾಗುವುದು ಇಲ್ಲಿ.

ಎಚ್ಚರಿಕೆಯ ಸಂಖ್ಯೆಯ ಬಗ್ಗೆ ಒಂದು ಸಣ್ಣ ಲೆಕ್ಕ. ದಿನಕ್ಕೆ 10 ಲಕ್ಷ ಘಟನೆ ಬರುತ್ತವೆ, ಅದರಲ್ಲಿ 10 ಮಾತ್ರ ದಾಳಿ ಎಂದುಕೊಳ್ಳಿ. ಮಾದರಿ ಆ ಹತ್ತನ್ನೂ ಹಿಡಿಯುತ್ತದೆ, ಒಳ್ಳೆಯವುಗಳಲ್ಲಿ ನೂರಕ್ಕೆ ಒಂದನ್ನು ತಪ್ಪಾಗಿ ಕೆಟ್ಟದ್ದು ಎನ್ನುತ್ತದೆ. ಆಗ ದಿನಕ್ಕೆ ಸುಮಾರು 10,000 ಸುಳ್ಳು ಎಚ್ಚರಿಕೆ, 10 ನಿಜ. ಟೇಬಲ್‌ನಲ್ಲಿ ನಿಖರತೆ 99 ಪರ್ಸೆಂಟ್ ಎಂದೇ ಬರುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವರು ಎರಡನೇ ದಿನ ಅದನ್ನು ಆಫ್ ಮಾಡುತ್ತಾರೆ.

ಅದಕ್ಕೇ ಬರೀ ನಿಖರತೆ ಅಳೆಯಬೇಡಿ. ಟವರ್ ಎದ್ದ ಮೇಲೆ ನಿಜವಾದ ಫೋನುಗಳಲ್ಲಿ ಎಷ್ಟು ಪಾಲು ಒಂದು ನಿಮಿಷದೊಳಗೆ ಸೇರಿದವು, ಎಷ್ಟನ್ನು ತಪ್ಪಾಗಿ ತಿರಸ್ಕರಿಸಿದಿರಿ, ತಪ್ಪು ತಿಳಿದ ಮೇಲೆ ಸರಿಪಡಿಸಲು ಎಷ್ಟು ಹೊತ್ತು ಹಿಡಿಯಿತು, ಇವನ್ನು ಅಳೆಯಿರಿ. ಡೇಟಾವನ್ನು ಕಲಸಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಎಂದು ಹಂಚುವುದು ಬೇಡ. ಮೊದಲು ಬಂದದ್ದರಿಂದ ಕಲಿಸಿ, ಆಮೇಲೆ ಬಂದದ್ದರಲ್ಲಿ ಪರೀಕ್ಷಿಸಿ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ 5ಜಿ ಪ್ರಯೋಗ ಜಾಲದಿಂದ ಬಂದ 5ಜಿ-ನಿಡ್ ಎಂಬ ಡೇಟಾ ಉಚಿತವಾಗಿ ಸಿಗುತ್ತದೆ. ಕೈ ಪಳಗಿಸಲು ಅದು ಸಾಕು, ಆದರೆ ಮಳೆಗಾಲದ ನೂಕುನುಗ್ಗಲು ಅದರಲ್ಲಿ ಸಿಗುವುದಿಲ್ಲ. ಅದನ್ನು ನೀವೇ ಸೃಷ್ಟಿಸಬೇಕು.

ಲ್ಯಾಬ್ ಇಲ್ಲ ಎಂಬ ಚಿಂತೆಗೆ ಉತ್ತರವೂ ಇಲ್ಲೇ ಇದೆ. ಓಪನ್5ಜಿಎಸ್ ಅಥವಾ ಫ್ರೀ5ಜಿಸಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ 5ಜಿ ಕೋರ್ ಒಂದು ಸಾಧಾರಣ ಲಿನಕ್ಸ್ ಕಂಪ್ಯೂಟರಿನಲ್ಲೇ ಓಡುತ್ತದೆ. ಯುಇರಾನ್‌ಸಿಮ್ ಎಂಬುದು ಫೋನು, ಟವರು ಎರಡನ್ನೂ ನಟಿಸುತ್ತದೆ, ಒಂದೇ ಯಂತ್ರದಲ್ಲಿ ಹಲವು ಫೋನುಗಳನ್ನು ಎಬ್ಬಿಸಬಹುದು. ಅದರಲ್ಲಿ ನಿಜವಾದ ರೇಡಿಯೊ ಪದರ ಇರುವುದಿಲ್ಲ. ಹಾಗಾಗಿ ಜ್ಯಾಮಿಂಗ್ (ಸಿಗ್ನಲ್ ಅಡ್ಡಗಟ್ಟುವುದು), ಸಿಗ್ನಲ್ ಬಲ ಇಂಥವು ಅದರಲ್ಲಿ ಆಗದು. ನೋಂದಣಿಯ ನೂಕುನುಗ್ಗಲಿಗೆ ಅದು ಧಾರಾಳ ಸಾಕು. ನಾನು ಈ ವಿಷಯವನ್ನೇ ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕರೆಂಟಿನ ಲೆಕ್ಕ ಊಹಿಸಿ ಬರೆಯಬೇಡಿ. ನಿಮ್ಮ ಜಿಲ್ಲೆಗೆ ವಿದ್ಯುತ್ ಕೊಡುವುದು ಚೆಸ್ಕಾಂ. ಯಾವ ಫೀಡರ್ ಯಾವಾಗ ಹೋಯಿತು, ಯಾವಾಗ ಬಂತು ಎಂಬ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಮಳೆಯ ಅಂಕಿಅಂಶ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿರುತ್ತದೆ. ಇವೆರಡನ್ನೂ ಇಟ್ಟುಕೊಂಡು ಟವರುಗಳು ಮಲಗಿ ಏಳುವ ಮಾದರಿ ಕಟ್ಟಿದರೆ, ನಿಮ್ಮ ಪ್ರಯೋಗಕ್ಕೆ ನೆಲದ ಆಧಾರ ಸಿಗುತ್ತದೆ. ಮೊಬೈಲ್ ಕಂಪನಿಗಳ ಹತ್ತಿರ ಗ್ರಾಹಕರ ಡೇಟಾ ಕೇಳಲು ಹೋಗಬೇಡಿ. ಕೊಡುವುದಿಲ್ಲ, ಕೊಡಲೂ ಬಾರದು.

ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಯುಎಸ್‌ಆರ್‌ಪಿಯಂಥ ರೇಡಿಯೊ ಬೋರ್ಡ್ ಕೊಂಡು ಮನೆ ಮಹಡಿಯಲ್ಲಿ ಟವರ್ ಎಬ್ಬಿಸುವ ಆಸೆ ಬರುತ್ತದೆ, ಯೂಟ್ಯೂಬ್ ತುಂಬ ಅದೇ ಇದೆ. ಲೈಸೆನ್ಸ್ ಇಲ್ಲದೆ ಮೊಬೈಲ್ ಬ್ಯಾಂಡಿನಲ್ಲಿ ಪ್ರಸಾರ ಮಾಡುವುದು ಅಪರಾಧ. ಅಕ್ಕಪಕ್ಕದವರ ಫೋನು ನಿಮ್ಮ ಸುಳ್ಳು ಟವರಿಗೆ ಅಂಟಿಕೊಂಡರೆ ಇನ್ನೂ ದೊಡ್ಡ ತಪ್ಪು. ರೇಡಿಯೊ ಬೇಕೇ ಬೇಕು ಎನಿಸಿದಾಗ ಸಿಗ್ನಲ್ ಹೊರಗೆ ಸೋರದ ಪೆಟ್ಟಿಗೆ ಇರುವ ಲ್ಯಾಬಿಗೆ ಹೋಗಿ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ 100 ವಿದ್ಯಾಸಂಸ್ಥೆಗಳಿಗೆ 5ಜಿ ಲ್ಯಾಬ್ ಮಂಜೂರು ಮಾಡಿದೆ. ಹತ್ತಿರದ್ದು ಯಾವುದೆಂದು ವಿಚಾರಿಸಿ, ರಜೆಯಲ್ಲಿ ಹೋಗಿ ಕೂತು ಕೆಲಸ ಮುಗಿಸಿ ಬನ್ನಿ. ದೂರಸಂಪರ್ಕ ಉಪಕರಣಗಳ ಭದ್ರತೆಯ ನಿಯಮ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇದೆ. 5ಜಿ ಕೋರ್‌ನ ಅಂಗಗಳಿಗೆ ಅದು ಹೊರಡಿಸಿದ ದಾಖಲೆಗಳನ್ನೂ ಓದಿ. ಪರೀಕ್ಷಕರು ಭಾರತದ ನಿಯಮ ಏನು ಹೇಳುತ್ತದೆ ಎಂದು ಕೇಳಿಯೇ ಕೇಳುತ್ತಾರೆ.

ಪಿಎಚ್‌ಡಿ ನಿಯಮದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್ ಟೈಮ್‌ಗೆ ಅವಕಾಶವಿದೆ, ಕೆಲಸ ಮಾಡುವ ಸಂಸ್ಥೆಯಿಂದ ಎನ್‌ಒಸಿ ಬೇಕು. ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ 2 ವರ್ಷ ಸೇರಿಸಿಕೊಳ್ಳಬಹುದು, ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಎಂಬ ಷರತ್ತನ್ನು ಯುಜಿಸಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು, ಕೇಳಿಕೊಳ್ಳಿ. ದುಡ್ಡು ತಗೊಂಡು ವಾರದಲ್ಲಿ ಪೇಪರ್ ಹಾಕಿಕೊಡುವ ಜರ್ನಲ್‌ಗಳ ಹತ್ತಿರ ಸುಳಿಯಬೇಡಿ. ಈ ವಿಷಯಕ್ಕೆ ಅವು ಮುತ್ತಿಕೊಂಡಿವೆ.

ಮೊದಲ ಆರು ತಿಂಗಳಿಗೆ ಇಷ್ಟು ಸಾಕು. 33.501ರ ಮುಖ್ಯ ಭಾಗ ಓದುವುದು. ಓಪನ್5ಜಿಎಸ್ ಮತ್ತು ಯುಇರಾನ್‌ಸಿಮ್ ಹಾಕಿ ಒಂದು ಫೋನ್ ನೋಂದಣಿಯಾಗುವುದನ್ನು ವೈರ್‌ಶಾರ್ಕ್ ಎಂಬ ಜಾಲದ ಮೆಸೇಜ್ ತೋರಿಸುವ ಸಾಫ್ಟ್‌ವೇರಿನಲ್ಲಿ ಮೆಸೇಜ್ ಮೆಸೇಜಾಗಿ ನೋಡುವುದು. ಆಮೇಲೆ ನೂರು ಫೋನು, ಸಾವಿರ ಫೋನು ಒಟ್ಟಿಗೆ ಎಬ್ಬಿಸಿ ಕೋರ್ ಎಲ್ಲಿ ಏದುಸಿರು ಬಿಡುತ್ತದೆ ಎಂದು ಅಳೆಯುವುದು. ಎಐ ಅಲ್ಲಿವರೆಗೆ ಬೇಡವೇ ಬೇಡ. ಮೊದಲು ಸಾದಾ ಮಿತಿ ಹಾಕಿ ನೋಡಿ. ಸೆಕೆಂಡಿಗೆ ಇಷ್ಟೇ ನೋಂದಣಿ, ಉಳಿದವರಿಗೆ ಸ್ವಲ್ಪ ಕಾಯಿರಿ ಎಂಬ ಉತ್ತರ. ಮಾನದಂಡದಲ್ಲೇ ಅದಕ್ಕೆ ಏರ್ಪಾಡಿದೆ. ನಿಮ್ಮ ಅಡಾಪ್ಟಿವ್ ಮಾದರಿ ಈ ಸಾದಾ ಉಪಾಯಕ್ಕಿಂತ ಎಷ್ಟು ಒಳ್ಳೆಯದು ಎಂಬುದೇ ಕೊನೆಗೆ ಪರೀಕ್ಷಕರ ಪ್ರಶ್ನೆ.

ತಲೆಬರಹ ಬೇಕಿದ್ದರೆ ಹೀಗೆ ಇಡಬಹುದು: ‘ದೀರ್ಘ ವಿದ್ಯುತ್ ಕಡಿತದ ನಂತರದ ನೋಂದಣಿ ದಟ್ಟಣೆಯಲ್ಲಿ ನಿಜ ಬಳಕೆದಾರರನ್ನು ತಡೆಯದ ಅಡಾಪ್ಟಿವ್ ರಕ್ಷಣೆ: 5ಜಿ ಎಸ್‌ಎ ಕೋರ್‌ನ ಅಧ್ಯಯನ’. ಉದ್ದವಾಯಿತು, ಆದರೆ ಏನು ಮಾಡುತ್ತೀರಿ ಎಂದು ಓದಿದವರಿಗೆ ಗೊತ್ತಾಗುತ್ತದೆ. ಇಷ್ಟಾದ ಮೇಲೂ ಗೈಡ್ ಅವರಿಗೆ 6ಜಿ ಬೇಕೇ ಬೇಕು ಎಂದಾದರೆ ಜಗಳ ಆಡಬೇಡಿ. ಕೊನೆಯಲ್ಲಿ ‘ಮತ್ತು ನಂತರದ ಜಾಲಗಳು’ ಎಂದು ಸೇರಿಸಿ. ಅದಕ್ಕೆ ಯಾವ ಕಮಿಟಿಯೂ ಬೇಡ ಎನ್ನುವುದಿಲ್ಲ.